ಒಮ್ಮೆ ಒತ್ತಿದ್ದಕ್ಕೆ ಮೂರು ಈಡು: ಒಂದು ಎಸ್‌ಕೆಎಸ್ ರೈಫಲ್‌ನ ಪ್ರಕರಣ ಅಧ್ಯಯನ

ಅಮೆರಿಕದ ಒಹಾಯೊ ರಾಜ್ಯದ ಒಂದು ಶೂಟಿಂಗ್ ರೇಂಜ್‌ನಲ್ಲಿ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ನಡೆದ ಘಟನೆಯನ್ನೂ ಅದರ ಕಾರಣ ಹುಡುಕುತ್ತ ನಾವು ಸಾಗಿದ ದಾರಿಯನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ನಾನು ಆ ರೇಂಜ್‌ನಲ್ಲಿ ವಾರಾಂತ್ಯಗಳಲ್ಲಿ ಸುರಕ್ಷತೆಯ ಮೇಲ್ವಿಚಾರಣೆಗೆ ಸ್ವಯಂಸೇವಕನಾಗಿ ನಿಲ್ಲುತ್ತೇನೆ. ರೈಫಲ್‌ನ ಒಡೆಯ ಶಿವಮೊಗ್ಗ ಕಡೆಯ ಹುಡುಗ. ಇಲ್ಲಿಯ ಖಾಯಂ ನಿವಾಸಿಯಾದ ಮೇಲೆ ಕಾನೂನುಬದ್ಧವಾಗಿ ಕೊಂಡ ಅವನ ಮೊದಲ ಕೋವಿ ಇದು. ದೊಡ್ಡ ಅನಾಹುತವೇನೂ ಆಗಲಿಲ್ಲ. ಆದರೆ ಆಗದೆ ಉಳಿದದ್ದು ಗುರಿಯ ಹಿಂದೆ ಗುಂಡು ತಡೆಯಲು ಹಾಕಿದ ಮಣ್ಣಿನ ದಿಬ್ಬ ಎತ್ತರವಾಗಿದ್ದುದರಿಂದಲೇ ಹೊರತು ನಮ್ಮ ಯಾರ ಜಾಣತನದಿಂದಲೂ ಅಲ್ಲ. ಆ ಕಾರಣಕ್ಕೇ ಇದನ್ನು ಬರೆದಿಡಬೇಕೆನಿಸಿತು.

ನಡೆದದ್ದು

ರೈಫಲ್ ಸೋವಿಯತ್ ಒಕ್ಕೂಟದ ತುಲಾ ಕಾರ್ಖಾನೆಯಲ್ಲಿ 1953ರಲ್ಲಿ ತಯಾರಾದ ಎಸ್‌ಕೆಎಸ್. ಸೆರ್ಗೆಯ್ ಸಿಮೊನೊವ್ ರೂಪಿಸಿದ ಈ ಅರೆ-ಸ್ವಯಂಚಾಲಿತ ಕಾರ್ಬೈನ್ (ಗಿಡ್ಡ ರೈಫಲ್) 7.62×39 ಮಿ.ಮೀ. ತೋಟೆಯನ್ನು ಬಳಸುತ್ತದೆ, ಅದರ ಮ್ಯಾಗಜೀನ್ ರೈಫಲ್‌ಗೇ ಸೇರಿಕೊಂಡಿರುತ್ತದೆ ಮತ್ತು 10 ತೋಟೆ ಹಿಡಿಯುತ್ತದೆ. ಸೇನೆಯ ಉಗ್ರಾಣಗಳಲ್ಲಿ ದಶಕಗಳ ಕಾಲ ಮಲಗಿದ್ದ ಇಂಥ ರೈಫಲ್‌ಗಳು 1990ರ ದಶಕದಲ್ಲಿ ಹೇರಳವಾಗಿ ಅಮೆರಿಕಕ್ಕೆ ಬಂದವು. ಉಗ್ರಾಣದಲ್ಲಿ ತುಕ್ಕು ಹಿಡಿಯಬಾರದೆಂದು ಅವುಗಳಿಗೆ ತುಂಬ ದಪ್ಪವಾಗಿ ಬಳಿಯುವ ಕಾಪುಗ್ರೀಸಿಗೆ ಇಲ್ಲಿಯವರು ಕಾಸ್ಮೋಲೀನ್ ಎನ್ನುತ್ತಾರೆ. ಹೊಸದಾಗಿದ್ದಾಗ ಜೇನುತುಪ್ಪದ ಹಾಗೆ ಇರುವ ಈ ಗ್ರೀಸು ವರ್ಷಗಳು ಕಳೆದಂತೆ ಕಂದು ಮೇಣದ ಹಾಗೆ ಗಟ್ಟಿಯಾಗುತ್ತದೆ.

ಸೆಪ್ಟೆಂಬರಿನ ಬೆಚ್ಚನೆಯ ಒಂದು ದಿನ ಹುಡುಗ ಮೊದಲ ಬಾರಿಗೆ ರೈಫಲ್ ತಂದು, ಉಕ್ಕಿನ ಕವಚದ 80 ತೋಟೆಗಳನ್ನು ಯಾವ ತೊಂದರೆಯೂ ಇಲ್ಲದೆ ಹೊಡೆದಿದ್ದ. ಮನೆಗೆ ಹೋಗಿ ನಳಿಗೆಯನ್ನೂ ಹೊರಮೈಯನ್ನೂ ಒರೆಸಿ ಪೆಟ್ಟಿಗೆಯಲ್ಲಿಟ್ಟಿದ್ದ. ಎರಡು ತಿಂಗಳು ಅದನ್ನು ಮುಟ್ಟಲಿಲ್ಲ. ನವೆಂಬರಿನಲ್ಲಿ ಮತ್ತೆ ಬಂದಾಗ ಹೊರಗೆ 3 ಡಿಗ್ರಿ ಸೆಲ್ಸಿಯಸ್ ಚಳಿ. ರೈಫಲ್ ರಾತ್ರಿಯಿಡೀ ಕಾರಿನ ಡಿಕ್ಕಿಯಲ್ಲಿತ್ತು. ಈ ಸಲ ಅವನು ತಂದದ್ದು ಅಂಗಡಿಯಲ್ಲಿ ಹೊಸದಾಗಿ ಕೊಂಡ ಹಿತ್ತಾಳೆಯ ತೋಟೆಗಳು.

ಮೊದಲ ಮೂರು ಈಡು ಸರಿಯಾಗಿ ಹೋದವು. ನಾಲ್ಕನೆಯ ಸಲ ಟ್ರಿಗರ್ ಒತ್ತಿದಾಗ ಮೂರು ಈಡುಗಳು ಒಂದರ ಬೆನ್ನಿಗೊಂದು, ಎಣಿಸಲೂ ಬಿಡುವಿಲ್ಲದಂತೆ ಹಾರಿ, ರೈಫಲ್ ನಿಂತಿತು. ನಾನು ಎಲ್ಲರಿಗೂ ಗುಂಡು ಹಾರಿಸುವುದನ್ನು ನಿಲ್ಲಿಸಲು ಕೂಗಿ ಹೇಳಿ ಅವನ ಮೇಜಿನ ಬಳಿಗೆ ಹೋದೆ. ಅವನ ಮುಖ ಬಿಳಿಚಿಕೊಂಡಿತ್ತು. "ಅಣ್ಣಾ, ನಾನು ಒಂದೇ ಸಲ ಒತ್ತಿದ್ದು, ಆಣೆಗೂ ಒಂದೇ ಸಲ," ಎಂದ. ಬೆರಳನ್ನು ಟ್ರಿಗರ್‌ನಿಂದ ತೆಗೆಸಿ, ಸೇಫ್ಟಿ ಹಾಕಿಸಿ, ನಳಿಗೆಯ ಬಾಯಿಯನ್ನು ದಿಬ್ಬದ ಕಡೆಗೇ ಹಿಡಿದುಕೊಂಡಿರಲು ಹೇಳಿದೆ. ಚೇಂಬರಿನಲ್ಲಿ, ಅಂದರೆ ಹಾರುವ ಮುನ್ನ ತೋಟೆ ಕೂರುವ ನಳಿಗೆಯ ಹಿಂತುದಿಯಲ್ಲಿ, ಇನ್ನೊಂದು ತೋಟೆ ಇತ್ತು. ಅದರ ಪ್ರೈಮರಿಗೂ (ಪೆಟ್ಟು ಬಿದ್ದರೆ ಹೊತ್ತಿಕೊಂಡು ಮದ್ದನ್ನು ಉರಿಸುವ, ತೋಟೆಯ ತಳದ ಸಣ್ಣ ಬಿಲ್ಲೆ) ಪೆಟ್ಟು ಬಿದ್ದಿರಬಹುದಾದ್ದರಿಂದ ಕೂಡಲೇ ಬೋಲ್ಟ್, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು, ತೆರೆಯದೆ ಒಂದು ನಿಮಿಷ ಕಾದೆವು. ಪೆಟ್ಟು ತಿಂದ ತೋಟೆ ತಡವಾಗಿ ಹಾರುವುದುಂಟು. ತೆರೆದ ಬೋಲ್ಟಿನಲ್ಲಿ ಅದು ಹಾರಿದರೆ ಹಿತ್ತಾಳೆಯ ಚೂರು ಬರುವುದು ಮುಖಕ್ಕೇ. ಆಮೇಲೆ ತೋಟೆಯನ್ನು ಹೊರತೆಗೆದು, ಮ್ಯಾಗಜೀನಿನ ಅಡಿಯ ಮುಚ್ಚಳ ಇಳಿಸಿ ಉಳಿದ ಮೂರನ್ನೂ ಖಾಲಿ ಮಾಡಿದೆವು.

ಗುರಿಕಾಗದದ ಮೇಲೆ ಆ ಒತ್ತಿಗೆ ಸೇರಿದ ಎರಡು ತೂತುಗಳಷ್ಟೇ ಇದ್ದವು: ಒಂದು ಗುರಿಯಿಟ್ಟಲ್ಲಿ, ಇನ್ನೊಂದು ಅದಕ್ಕಿಂತ ಗೇಣಿನಷ್ಟು ಮೇಲೆ. ಮೂರನೆಯ ಗುಂಡು ಕಾಗದವನ್ನೇ ದಾಟಿ ದಿಬ್ಬದ ನೆತ್ತಿಯ ಹತ್ತಿರ ಮಣ್ಣು ಹಾರಿಸಿತ್ತು. ರೈಫಲ್ ಪ್ರತಿ ಈಡಿಗೂ ಮೇಲಕ್ಕೆ ಒದೆಯುತ್ತದೆ. ಹೊಡೆಯುವವನು ನಿರೀಕ್ಷಿಸದ ಈಡು ಹಾರುವಾಗ ನಳಿಗೆ ಎಲ್ಲಿ ನೋಡುತ್ತಿರುತ್ತದೆ ಎಂಬುದನ್ನು ಯಾರೂ ನಿರ್ಧರಿಸಿರುವುದಿಲ್ಲ.

ಪಕ್ಕದ ಮೇಜಿನಲ್ಲಿದ್ದ ಒಬ್ಬರು ಇದನ್ನು ಅದೃಷ್ಟವೆಂಬಂತೆ ಮಾತಾಡಿದರು, ಇನ್ನೊಮ್ಮೆ ಹತ್ತು ತೋಟೆ ತುಂಬಿ ನೋಡೋಣ ಎಂದರು. ಅಂಥ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಕೆಟ್ಟ ಯಂತ್ರ ಇನ್ನೂ ಎಷ್ಟು ಕೆಡಬಲ್ಲದು ಎಂದು ತೋಟೆ ತುಂಬಿ ನೋಡುವುದು ಪರೀಕ್ಷೆ ಅಲ್ಲ. ಆ ದಿನ ಆ ರೈಫಲ್‌ನಲ್ಲಿ ಮತ್ತೆ ಒಂದು ಗುಂಡನ್ನೂ ಹೊಡೆಯಲು ನಾನು ಬಿಡಲಿಲ್ಲ.

ಕಾನೂನಿನ ಹೆದರಿಕೆ

ಹುಡುಗನಿಗೆ ಗುಂಡಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಬೇರೆ ವಿಷಯ. ಅಮೆರಿಕದ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ಪ್ರಕಾರ, ಟ್ರಿಗರ್‌ನ ಒಂದೇ ಕ್ರಿಯೆಗೆ ತಾನಾಗಿ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಆಯುಧವು ಮೆಷಿನ್ ಗನ್ ಎನಿಸುತ್ತದೆ. ನೋಂದಣಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ದೊಡ್ಡ ಅಪರಾಧ. "ಹೇಳಿದರೆ ನನ್ನನ್ನೇ ಹಿಡಿಯುವುದಿಲ್ಲವೇ?" ಎಂದು ಅವನು ಮೆಲ್ಲಗೆ ಕೇಳಿದ. 1994ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟ್ ಸ್ಟೇಪಲ್ಸ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನಾನು ಅವನಿಗೆ ನೆನಪಿಸಿದೆ: ರೈಫಲ್‌ಗೆ ಸ್ವಯಂಚಾಲಿತವಾಗಿ ಹಾರಿಸುವ ಗುಣವಿದೆ ಎಂಬುದು ಆರೋಪಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಎಂದು ಆ ತೀರ್ಪು ಹೇಳುತ್ತದೆ. ಆದರೆ ಅದೇ ತೀರ್ಪನ್ನು ತಿರುಗಿಸಿ ಓದಿದರೆ, ಗೊತ್ತಾದ ಮೇಲೂ ಹಾಗೆಯೇ ಬಳಸುತ್ತ ಹೋಗುವವನಿಗೆ ಆ ಆಸರೆ ಇರುವುದಿಲ್ಲ. ಆದ್ದರಿಂದ ಮುಚ್ಚಿಡುವ ಬದಲು ನಡೆದದ್ದನ್ನು ಗಂಟೆ ನಿಮಿಷ ಸಮೇತ ರೇಂಜ್‌ನ ದಾಖಲೆ ಪುಸ್ತಕದಲ್ಲಿ ಬರೆಸಿ, ರೈಫಲ್ ಕೆಟ್ಟಿದೆ, ದುರಸ್ತಿಯಾಗುವವರೆಗೆ ಬಳಸುವುದಿಲ್ಲ ಎಂದು ಅವನಿಂದ ಸಹಿ ಹಾಕಿಸಿದೆ. ನಾನು ವಕೀಲನಲ್ಲ, ಆದರೆ ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡವರ ಕೋವಿಗಳು ದುರಸ್ತಿಯಾಗದೆ ಉಳಿಯುತ್ತವೆ ಎಂಬುದನ್ನು ಈ ಕೆಲಸದಲ್ಲಿ ಕಂಡಿದ್ದೇನೆ.

ಸಂಶಯದ ಮೂರು ಜಾಗಗಳು

ಕಾರಣ ಹುಡುಕುವ ಮುನ್ನ ರೈಫಲ್ ಒಳಗೆ ನಡೆಯುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹುಟ್ಟಿ ಬೆಳೆದ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜಿಸುವ ಕೋವಿಗಳಲ್ಲಿ ಹೆಚ್ಚಿನವು ಒಂದು ಅಥವಾ ಎರಡು ನಳಿಗೆಯವು. ಅಜ್ಜನ ಒಂಟಿ ನಳಿಗೆಯ ಕೋವಿಯಲ್ಲಿ ಒಂದು ಈಡಾದ ಮೇಲೆ ಕೋವಿಯನ್ನು ಮುರಿದು ತೆರೆದು, ಖಾಲಿ ತೋಟೆ ಕಿತ್ತು, ಹೊಸದು ತುಂಬಿ, ಕುದುರೆಯನ್ನು (ಈಡು ಹಾರಿಸಲು ಬಡಿಯುವ ಸುತ್ತಿಗೆಯಂಥ ಭಾಗ, ರೈಫಲ್‌ನಲ್ಲಿ ಹ್ಯಾಮರ್) ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿದರೆ ಮಾತ್ರ ಇನ್ನೊಂದು ಈಡು. ಮನುಷ್ಯನ ಕೈ ನಡುವೆ ಬಂದಲ್ಲದೆ ಅದು ಎರಡನೆಯ ಸಲ ಹಾರುವಂತೆಯೇ ಇಲ್ಲ. ಅರೆ-ಸ್ವಯಂಚಾಲಿತ ರೈಫಲ್‌ನಲ್ಲಿ ಅಷ್ಟೂ ಕೆಲಸವನ್ನು ರೈಫಲ್ ತಾನೇ ಮಾಡಿಕೊಳ್ಳುತ್ತದೆ. ಗುಂಡಿನ ಹಿಂದಿನ ಅನಿಲದ ಒಂದಂಶ ನಳಿಗೆಯಿಂದ ಹೊರಟು ಪಿಸ್ಟನ್ನನ್ನು ತಳ್ಳುತ್ತದೆ. ಆ ತಳ್ಳಿಗೆ ಬೋಲ್ಟ್ ಹಿಂದಕ್ಕೆ ಓಡಿ, ಖಾಲಿ ತೋಟೆಯನ್ನು ಎಸೆದು, ಹ್ಯಾಮರನ್ನು ಕೆಳಗೆ ಒತ್ತಿ ಕೊಕ್ಕೆಗೆ ಸಿಕ್ಕಿಸಿ, ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬರುತ್ತ ಮ್ಯಾಗಜೀನಿನಿಂದ ಹೊಸ ತೋಟೆಯನ್ನು ಚೇಂಬರಿಗೆ ನೂಕುತ್ತದೆ. ಮನುಷ್ಯನಿಗೆ ಉಳಿಯುವುದು ಬೆರಳು ಬಿಟ್ಟು ಮತ್ತೆ ಒತ್ತುವ ಕೆಲಸವೊಂದೇ. ಬೇಡದ ಈಡು ಹಾರಿತೆಂದರೆ ಈ ಸರಪಳಿಯ ಯಾವುದೋ ಒಂದು ಕೊಂಡಿ ತನ್ನ ಪಾಲಿನ ತಡೆಯನ್ನು ಕೊಡಲಿಲ್ಲವೆಂದೇ ಅರ್ಥ.

ತಡೆ ತಪ್ಪಬಹುದಾದ ಜಾಗಗಳು ಮೂರು. ಮೊದಲನೆಯದು ಬೆರಳು. ಮೇಜಿನ ಮೇಲೆ ರೈಫಲ್ ಇಟ್ಟು, ಹೆಗಲಿಗೆ ಸಡಿಲವಾಗಿ ಆನಿಸಿ ಹೊಡೆಯುವವರಲ್ಲಿ ರೈಫಲ್ ಹಿಂದೆ ಜಿಗಿದು ಮತ್ತೆ ಮುಂದೆ ಬರುವಾಗ, ಒತ್ತದೆಯೂ ಸುಮ್ಮನೆ ಬಿಗಿಯಾಗಿ ನಿಂತ ಬೆರಳಿಗೆ ಟ್ರಿಗರ್ ತಾನೇ ಬಂದು ತಗಲುತ್ತದೆ. ಹೊಡೆದವನಿಗೆ ತಾನು ಎರಡು ಸಲ ಒತ್ತಿದ ಅರಿವೇ ಇರುವುದಿಲ್ಲ, ಆಣೆ ಇಟ್ಟರೂ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಎರಡನೆಯದು ಹ್ಯಾಮರನ್ನು ಹಿಡಿಯುವ ಕೊಕ್ಕೆಯ ಭಾಗ: ಅದು ಸವೆದಿದ್ದರೆ, ಮುರಿದಿದ್ದರೆ ಅಥವಾ ಕೊಳೆ ತುಂಬಿದ್ದರೆ ಹ್ಯಾಮರ್ ನಿಲ್ಲಬೇಕಾದಲ್ಲಿ ನಿಲ್ಲದೆ ಬೋಲ್ಟಿನ ಹಿಂದೆಯೇ ಬಂದು ಹೊಡೆಯುತ್ತದೆ. ಮೂರನೆಯದು ಬೋಲ್ಟಿನ ಒಳಗಿನ ಫೈರಿಂಗ್ ಪಿನ್, ಅಂದರೆ ಹ್ಯಾಮರಿನ ಪೆಟ್ಟನ್ನು ಪ್ರೈಮರಿಗೆ ಮುಟ್ಟಿಸುವ ಕಡ್ಡಿ.

ಈ ಮೂರನೆಯದರ ಬಗ್ಗೆ ಸ್ವಲ್ಪ ನಿಧಾನಿಸಬೇಕು. ಎಸ್‌ಕೆಎಸ್‌ನ ಬೋಲ್ಟಿನೊಳಗೆ ಉದ್ದಕ್ಕೆ ಕೊರೆದ ಒಂದು ದಾರಿಯಿದೆ. ಅದರಲ್ಲಿ ಫೈರಿಂಗ್ ಪಿನ್ ಯಾವ ಹಂಗೂ ಇಲ್ಲದೆ ಹಿಂದೆ ಮುಂದೆ ಜಾರುತ್ತಿರುತ್ತದೆ. 1949ರ ಸುಮಾರಿಗೆ ಬಂದ ಮೊದಮೊದಲ ರೈಫಲ್‌ಗಳಲ್ಲಿ ಪಿನ್ನನ್ನು ಹಿಂದಕ್ಕೆ ತಳ್ಳಿ ಹಿಡಿಯಲು ಒಂದು ಸಣ್ಣ ಸ್ಪ್ರಿಂಗ್ ಇತ್ತು. ಆಮೇಲೆ ಅದನ್ನು ಕೈಬಿಟ್ಟರು. ಪಿನ್ ಸ್ವತಂತ್ರವಾಗಿ ಜಾರುತ್ತಿರುವವರೆಗೆ ಅದರಲ್ಲಿ ದೋಷವಿಲ್ಲ. ಬೋಲ್ಟ್ ಮುಂದಕ್ಕೆ ಬಂದು ಥಟ್ಟನೆ ನಿಂತಾಗ ಪಿನ್ ಮಾತ್ರ ತನ್ನ ವೇಗದಲ್ಲಿ ಮುಂದೆ ಜಾರಿ ಪ್ರೈಮರನ್ನು ಮೆಲ್ಲಗೆ ತಟ್ಟುತ್ತದೆ; ಅದರ ಗುರುತಾಗಿ ಹೊಡೆಯದೆ ಹೊರತೆಗೆದ ತೋಟೆಯ ಪ್ರೈಮರಿನ ಮೇಲೂ ಸೂಜಿಮೊನೆಯಷ್ಟು ತಗ್ಗು ಕಾಣುತ್ತದೆ. ಸೇನೆಯ ತೋಟೆಗಳಲ್ಲಿ ಪ್ರೈಮರ್ ಗಡುಸಾಗಿರುವುದರಿಂದ ಆ ತಟ್ಟು ಸಾಲದು. ಇದು ಈ ರೈಫಲ್‌ನ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಸೇನಾ ರೈಫಲ್ ಎಂ1 ಗ್ಯಾರಂಡ್‌ನ ಪಿನ್ನನ್ನು ತೂಕ ಇಳಿಸಲು ಕೆತ್ತಿ ತೆಳುಮಾಡಬೇಕಾಯಿತು. ಅಲ್ಲಿಯದೇ ಎಂ16 ರೈಫಲ್‌ನಲ್ಲಿಯೂ ಇದೇ ಕಾರಣಕ್ಕೆ 1960ರ ದಶಕದ ಆರಂಭದಲ್ಲಿ ಪಿನ್ನನ್ನು ಹಗುರಗೊಳಿಸಿದರು. ಆದರೆ ಪಿನ್ ಗ್ರೀಸಿನಲ್ಲೋ ಮಸಿಯಲ್ಲೋ ಅಂಟಿಕೊಂಡು, ಅದರ ಮೊನೆ ಬೋಲ್ಟಿನ ಮುಖದಿಂದ ಹೊರಚಾಚಿ ನಿಂತುಬಿಟ್ಟರೆ ಮಾತೇ ಬೇರೆ. ಆಗ ಬೋಲ್ಟಿನ ಪೂರ್ತಿ ತೂಕ ಆ ಮೊನೆಯ ಹಿಂದೆ ನಿಂತು ಪ್ರೈಮರಿಗೆ ಗುದ್ದುತ್ತದೆ. ಟ್ರಿಗರ್, ಹ್ಯಾಮರ್, ಸೇಫ್ಟಿ ಇವು ಯಾವುವೂ ಆ ಈಡನ್ನು ತಡೆಯಲಾರವು, ಏಕೆಂದರೆ ಆ ಈಡಿಗೆ ಅವು ಯಾವುವೂ ಬೇಕಾಗಿಯೇ ಇಲ್ಲ.

ಅದಕ್ಕಿಂತಲೂ ಭಯಂಕರವಾದದ್ದು ಇನ್ನೊಂದಿದೆ. ಎಸ್‌ಕೆಎಸ್‌ನ ಬೋಲ್ಟ್ ತನ್ನ ಹಿಂತುದಿಯನ್ನು ಕೆಳಗೆ ಬಾಗಿಸಿ ರಿಸೀವರಿನ (ಬೋಲ್ಟ್ ಓಡಾಡುವ ಉಕ್ಕಿನ ಒಡಲು) ಮೆಟ್ಟಿಲಿಗೆ ಊರಿಕೊಂಡಾಗಲೇ ಭದ್ರವಾಗುತ್ತದೆ. ಚಾಚಿಕೊಂಡ ಪಿನ್ ಅದಕ್ಕಿಂತ ಒಂದು ಕೂದಲೆಳೆ ಮುಂಚೆ ಪ್ರೈಮರನ್ನು ಹೊತ್ತಿಸಿದರೆ, ಬೀಗ ಬೀಳದ ಬಾಗಿಲ ಹಿಂದೆ ಸ್ಫೋಟವಾದಂತೆ. ತೋಟೆ ಒಡೆದು ಅನಿಲವೂ ಲೋಹದ ಚೂರೂ ಹೊಡೆಯುವವನ ಕಡೆಗೆ ಬರುತ್ತವೆ.

ಸಾಕ್ಷ್ಯಗಳು ಹೇಳಿದ್ದು

ಹುಡುಗನ ಮೊದಲ ತೀರ್ಮಾನ ತೋಟೆಯ ಮೇಲೆ. ಸೆಪ್ಟೆಂಬರಿನಲ್ಲಿ ಉಕ್ಕಿನ ತೋಟೆ, ತೊಂದರೆಯಿಲ್ಲ. ನವೆಂಬರಿನಲ್ಲಿ ಹಿತ್ತಾಳೆಯ ತೋಟೆ, ತೊಂದರೆ. ಬದಲಾದದ್ದು ತೋಟೆ, ಆದ್ದರಿಂದ ತಪ್ಪೂ ತೋಟೆಯದೇ. "ಹಳೇದಕ್ಕೇ ಹೋದರೆ ಸರಿಹೋಗುತ್ತಲ್ಲ ಅಣ್ಣಾ," ಎಂದ. ಕೇಳಲು ತರ್ಕಬದ್ಧವಾಗಿತ್ತು ಮತ್ತು ಅದರಲ್ಲಿ ಅರ್ಧ ನಿಜವೂ ಇತ್ತು: ಅಂಗಡಿಯ ನಾಗರಿಕ ತೋಟೆಗಳ ಪ್ರೈಮರ್ ಸೇನೆಯ ಮಾದರಿಯದಕ್ಕಿಂತ ಮೆದುವಾಗಿರುವುದುಂಟು. ಆದರೆ ಬದಲಾದದ್ದು ತೋಟೆ ಒಂದೇ ಅಲ್ಲ, ಹವೆಯೂ ಬದಲಾಗಿತ್ತು. ನಡುವೆ 80 ಈಡಿನ ಶಾಖವೂ ಮಸಿಯೂ ಎರಡು ತಿಂಗಳ ನಿಲುಗಡೆಯೂ ಆಗಿತ್ತು. ಗಡುಸು ಪ್ರೈಮರಿನ ತೋಟೆಗೆ ಮರಳಿ ಸುಮ್ಮನಾಗಿದ್ದರೆ ಲಕ್ಷಣ ಮರೆಯಾಗಿ ದೋಷ ಒಳಗೇ ಉಳಿಯುತ್ತಿತ್ತು. ಆಗದು ಎಂದೆ.

ರೇಂಜ್‌ನ ಶೆಡ್ಡಿನೊಳಗೆ ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿ ಇಟ್ಟು ಬಂದು, ಚೇಂಬರ್ ಖಾಲಿಯೆಂದು ಇಬ್ಬರೂ ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಂಡು ಕುಳಿತೆವು. ಆರು ಖಾಲಿ ತೋಟೆಗಳನ್ನೂ ಹೊರತೆಗೆದ ಆ ಒಂದು ತುಂಬಿದ ತೋಟೆಯ ಗುರುತನ್ನೂ ಮೊದಲೇ ಭೂತಗನ್ನಡಿಯಲ್ಲಿ ನೋಡಿಟ್ಟುಕೊಂಡಿದ್ದೆ. ನಾಲ್ಕು ಖಾಲಿ ತೋಟೆಗಳ ಮೇಲೆ ಹ್ಯಾಮರಿನ ಪೆಟ್ಟಿನಿಂದಾಗುವ ಆಳವಾದ, ಗುಂಡಗಿನ ತಗ್ಗು ಇತ್ತು. ಎರಡರ ಮೇಲಿನ ತಗ್ಗು ಬೇರೆಯಾಗಿತ್ತು: ಆಳ ಕಡಿಮೆ, ಒಂದರಲ್ಲಿ ತಗ್ಗಿನ ಅಂಚಿನಿಂದ ಸಣ್ಣದೊಂದು ಗೀರು ಕೆಳಗೆ ಹೊರಟಿತ್ತು. ತೋಟೆ ಮ್ಯಾಗಜೀನಿನಿಂದ ಮೇಲೇರಿ ಬೋಲ್ಟಿನ ಮುಖಕ್ಕೆ ಜಾರಿ ಕೂರುವಾಗ ಅಲ್ಲಿ ಚಾಚಿಕೊಂಡಿದ್ದ ಏನೋ ಒಂದು ಎಳೆದ ಗೀರು ಅದು ಎಂದೇ ನನಗೆ ತೋರಿತು. ಹಾರದೆ ಉಳಿದ ತೋಟೆಯ ಮೇಲಿನ ತಗ್ಗು ಸೂಜಿಮೊನೆಯಷ್ಟಲ್ಲ, ಅದರ ನಾಲ್ಕು ಪಟ್ಟು ಅಗಲವಾಗಿತ್ತು. ಅದು ಹಾರದೆ ಉಳಿದದ್ದರಿಂದಲೇ ಸಾಲು ಮೂರಕ್ಕೆ ನಿಂತಿತ್ತು. ಯಾವ ತೋಟೆಯೂ ಉಬ್ಬಿರಲಿಲ್ಲ, ಸೀಳಿರಲಿಲ್ಲ ಎಂಬುದನ್ನು ಕಂಡು ಉಸಿರು ಬಿಟ್ಟೆ.

ಗೀರು ಪಿನ್ನಿನತ್ತ ಬೆರಳು ತೋರಿಸುತ್ತಿದ್ದರೂ ಹ್ಯಾಮರಿನ ಕೊಕ್ಕೆಯನ್ನು ಪರೀಕ್ಷಿಸದೆ ಬಿಡುವಂತಿರಲಿಲ್ಲ. ಖಾಲಿ ರೈಫಲ್‌ನಲ್ಲಿ ಟ್ರಿಗರ್ ಒತ್ತಿ ಹಿಡಿದು ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದು ಬಿಟ್ಟು, ಟ್ರಿಗರನ್ನು ನಿಧಾನವಾಗಿ ಸಡಿಲಿಸಿದಾಗ ಹ್ಯಾಮರ್ ಬೀಳದೆ ನಿಂತಿರಬೇಕು, ಮತ್ತೆ ಒತ್ತಿದಾಗ ಮಾತ್ರ ಬೀಳಬೇಕು. ಹಾಗೆಯೇ ಟ್ರಿಗರ್ ಮುಟ್ಟದೆ ಬೋಲ್ಟನ್ನು ಜೋರಾಗಿ ಮುಂದಕ್ಕೆ ಹೋಗಗೊಟ್ಟು, ಆ ಅದುರಿಗೆ ಹ್ಯಾಮರ್ ಕಳಚುತ್ತದೆಯೋ ನೋಡಬೇಕು. ಎರಡನ್ನೂ ಇಪ್ಪತ್ತಿಪ್ಪತ್ತು ಸಲ ಮಾಡಿದೆವು. ಒಮ್ಮೆಯೂ ತಪ್ಪಲಿಲ್ಲ. ಸೇಫ್ಟಿಯೂ ಸರಿಯಾಗಿತ್ತು. ಕೊಕ್ಕೆಯ ಅಂಚು ಮೊಂಡಾಗಿರಲಿಲ್ಲ, ಅದನ್ನು ಯಾರೂ ಅರದಿಂದ ಮುಟ್ಟಿದ ಗುರುತಿರಲಿಲ್ಲ. ಈ ಭಾಗದಲ್ಲಿ ಒಂದು ಸಣ್ಣ ಅನುಮಾನ ಉಳಿದಿದ್ದರೂ ನಾವಾಗಿಯೇ ಕೈಹಾಕದೆ ಪರವಾನಗಿ ಪಡೆದ ಕೋವಿ ದುರಸ್ತಿಗಾರರಿಗೆ ಒಯ್ಯುತ್ತಿದ್ದೆವು. ಅಲ್ಲಿ ಉಜ್ಜುವುದು, ಕೆರೆಯುವುದು ಹವ್ಯಾಸಿಯ ಕೆಲಸವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆರಳಿನ ಬಗ್ಗೆ ಹೇಳುವುದಾದರೆ, ಆಳ ಕಡಿಮೆಯ ಆ ಎರಡು ತಗ್ಗುಗಳೇ ಹುಡುಗನ ಪರ ಸಾಕ್ಷಿ ನುಡಿದವು. ಬೆರಳು ಮತ್ತೆ ಒತ್ತಿದ್ದರೆ ಹ್ಯಾಮರ್ ಪೂರ್ತಿ ಬಲದಿಂದಲೇ ಹೊಡೆದು ಎಲ್ಲ ತಗ್ಗುಗಳೂ ಒಂದೇ ಸಮನಾಗಿರುತ್ತಿದ್ದವು. ಇದನ್ನು ಹೇಳಿದಾಗ ಅವನು ಮಾತಾಡಲಿಲ್ಲ, ಕುರ್ಚಿಗೆ ಒರಗಿ ಕುಳಿತ.

ಬೋಲ್ಟಿನೊಳಗೆ ಸಿಕ್ಕಿದ್ದು

ರಿಸೀವರಿನ ಮೇಲಿನ ಮುಚ್ಚಳ ತೆಗೆದು, ಸ್ಪ್ರಿಂಗ್ ಹೊರಗೆಳೆದು, ಬೋಲ್ಟನ್ನು ಅದರ ವಾಹಕದ ಸಮೇತ ಎತ್ತಿದೆವು. ಸರಿಯಾಗಿರುವ ಎಸ್‌ಕೆಎಸ್ ಬೋಲ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಒಳಗಿನ ಪಿನ್ ಹಿಂದೆ ಮುಂದೆ ಬಡಿದು ಬೆಂಕಿಪೊಟ್ಟಣದಲ್ಲಿ ಒಂದೇ ಕಡ್ಡಿ ಉಳಿದಂತೆ ಟಿಕ್ ಟಿಕ್ ಸದ್ದು ಕೇಳಬೇಕು. ಇದರಲ್ಲಿ ಏನೂ ಕೇಳಲಿಲ್ಲ. ಬೋಲ್ಟಿನ ಮುಖ ನೋಡಿದರೆ ಪಿನ್ನಿನ ಮೊನೆ ಹೊರಗೇ ನಿಂತಿತ್ತು. ಬೆರಳಿನಿಂದ ಒತ್ತಿದರೆ ಒಳಗೆ ಹೋಗಲಿಲ್ಲ. ಮರದ ಕಡ್ಡಿಯಿಂದ ಒತ್ತಿದಾಗ ಬೆಣ್ಣೆಯಲ್ಲಿ ಜಾರಿದಂತೆ ನಿಧಾನವಾಗಿ ಹಿಂದೆ ಸರಿದು, ಹಿಂದಿನಿಂದ ತಳ್ಳಿದಾಗ ಮತ್ತೆ ಮುಂದೆ ಬಂದು ಅಲ್ಲೇ ಕೂತಿತು.

ಪಿನ್ನನ್ನು ಹಿಡಿದಿಟ್ಟಿರುವ ಅಡ್ಡ ಕಡ್ಡಿಯನ್ನು ಪಂಚ್ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಹೊರದೂಡಿದ ಮೇಲೂ ಪಿನ್ ತಾನಾಗಿ ಬೀಳಲಿಲ್ಲ, ಎಳೆಯಬೇಕಾಯಿತು. ಅದರ ಸುತ್ತ ಕಂದು ಬಣ್ಣದ ಮೇಣದ ಪದರ. ಮುಂದಿನ ತುದಿಯ ಹತ್ತಿರ ಆ ಪದರ ಕಪ್ಪಾಗಿ, ಮಸಿಯೊಂದಿಗೆ ಕಲಸಿ ಡಾಂಬರಿನಂತಾಗಿತ್ತು. ಮಾರಿದವರು ರೈಫಲ್ ಶುಚಿ ಮಾಡಿದೆ ಎಂದಿದ್ದರಂತೆ, ಮತ್ತು ಹೊರಮೈ ನಿಜಕ್ಕೂ ಹೊಳೆಯುತ್ತಿತ್ತು. ಬೋಲ್ಟನ್ನು ಯಾರೂ ಬಿಚ್ಚಿರಲಿಲ್ಲ. ಹುಡುಗನೂ ಬಿಚ್ಚಿರಲಿಲ್ಲ, ಬಿಚ್ಚಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ಅವನು ಪಕ್ಕದ ಮೇಜಿನಲ್ಲಿದ್ದಾಗ ಸುರಕ್ಷತೆಗೆ ನಿಂತಿದ್ದವನು ನಾನೇ. ಹಳೆಯ ಸೇನಾ ರೈಫಲ್ ಎಂದು ಕಣ್ಣಿಗೆ ಕಂಡರೂ ಬೋಲ್ಟ್ ತೆರೆದಿದ್ದೀಯಾ ಎಂದು ನಾನು ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ನನ್ನ ಊಹೆ ಹೀಗಿದೆ. ಸೆಪ್ಟೆಂಬರಿನಲ್ಲಿ ಗ್ರೀಸು ಪಿನ್ನಿನ ಹಿಂಭಾಗದಲ್ಲೇ ಇತ್ತು ಮತ್ತು ಬಿಸಿಲಿಗೆ ಮೆತ್ತಗಾಗಿತ್ತು. ಪಿನ್ ಸ್ವಲ್ಪ ಬಿಗಿಯಾಗಿಯಾದರೂ ಚಲಿಸುತ್ತಿತ್ತು. 80 ಈಡಿನ ಶಾಖಕ್ಕೆ ಅದು ಕರಗಿ ಮುಂದಕ್ಕೆ ಹರಿದು, ಮದ್ದಿನ ಮಸಿಯೊಂದಿಗೆ ಬೆರೆತು, ಪಿನ್ನಿನ ಮೊನೆ ಹಾದುಹೋಗುವ ಕಿರಿದಾದ ತೂತಿನ ಹಿಂದೆ ನೆಲೆಸಿತು. ಎರಡು ತಿಂಗಳು ಅಲ್ಲೇ ಹೆಪ್ಪುಗಟ್ಟಿತು. 3 ಡಿಗ್ರಿ ಚಳಿಯಲ್ಲಿ ಮೊದಲ ಮೂರು ಈಡಿನವರೆಗೆ ಪಿನ್ ಹೇಗೋ ಹಿಂದೆ ಸರಿಯಿತು, ನಾಲ್ಕನೆಯದರಲ್ಲಿ ಹ್ಯಾಮರ್ ಮುಂದೆ ತಳ್ಳಿದ ಪಿನ್ ಅಲ್ಲಿಯೇ ಸಿಕ್ಕಿಕೊಂಡಿತು. ಅದರ ಮುಂದೆ ಮೆದು ಪ್ರೈಮರಿನ ತೋಟೆ ಬಂದದ್ದು ಉರಿಯುವ ಒಲೆಗೆ ಒಣಕಟ್ಟಿಗೆ ಇಟ್ಟಂತಾಯಿತು. ತೋಟೆ ಕಾರಣವಲ್ಲ, ಆದರೆ ಕಾರಣಕ್ಕೆ ಜೊತೆಯಾಯಿತು.

ಶುಚಿ ಮತ್ತು ಮರುಪರೀಕ್ಷೆ

ಪಿನ್ನನ್ನೂ ಬೋಲ್ಟನ್ನೂ ಗ್ರೀಸು ಕರಗಿಸುವ ಮಿನರಲ್ ಸ್ಪಿರಿಟ್ ಎಂಬ ದ್ರವದಲ್ಲಿ ರಾತ್ರಿಯಿಡೀ ನೆನೆಹಾಕಿ, ಮರುದಿನ ಒಳದಾರಿಯನ್ನು ನೈಲಾನ್ ಬ್ರಶ್ಶಿನಿಂದಲೂ ಹತ್ತಿ ಸುತ್ತಿದ ಕಡ್ಡಿಯಿಂದಲೂ ಉಜ್ಜಿದೆವು. ಮೊದಲ ಹನ್ನೆರಡು ಹತ್ತಿಯ ಕಡ್ಡಿಗಳು ಕಾಫಿ ಬಣ್ಣದಲ್ಲಿ ಹೊರಬಂದವು. ಬಿಳಿಯಾಗಿ ಬರುವವರೆಗೆ ನಿಲ್ಲಿಸಲಿಲ್ಲ. ಕುದಿಯುವ ನೀರು ಸುರಿದು ಮತ್ತೊಮ್ಮೆ ತೊಳೆದು, ಒಲೆಯ ಹತ್ತಿರ ಪೂರ್ತಿ ಒಣಗಿಸಿದೆವು. ಪಿನ್ನಿನ ಮೊನೆ ಗುಂಡಗಾಗಿ ನುಣುಪಾಗಿತ್ತು, ಬಾಗಿರಲಿಲ್ಲ, ಮುಕ್ಕಾಗಿರಲಿಲ್ಲ. ತೆಗೆದಾಗ ಯಾವ ಮುಖ ಮೇಲಿತ್ತೋ ಅದನ್ನು ಮೊದಲೇ ಫೋಟೊ ತೆಗೆದುಕೊಂಡಿದ್ದರಿಂದ ಹಾಗೆಯೇ ಮರಳಿ ಸೇರಿಸಿದೆವು. ಒಳದಾರಿಗೆ ಎಣ್ಣೆ ಹಾಕಲಿಲ್ಲ. ಎಣ್ಣೆ ಹಾಕದೆ ಬಿಡುವುದು ಹುಡುಗನಿಗೆ ತಪ್ಪೆನಿಸಿತು, ಯಂತ್ರ ಎಂದಮೇಲೆ ಎಣ್ಣೆ ಬೇಡವೇ ಎಂದ. ಬೇರೆಲ್ಲ ಕಡೆ ಬೇಕು. ಇಲ್ಲಿ ಎಣ್ಣೆ ಮಸಿಯನ್ನು ಹಿಡಿದಿಡುವ ಅಂಟು ಅಷ್ಟೆ. ಬೋಲ್ಟ್ ಅಲ್ಲಾಡಿಸಿದಾಗ ಟಿಕ್ ಟಿಕ್ ಎಂದು ಸ್ಪಷ್ಟವಾಗಿ ಕೇಳಿತು.

ಒಂದು ವಾರದ ಮೇಲೆ, ರೇಂಜ್‌ನಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ದಿಬ್ಬಕ್ಕೆ ಹತ್ತಿರದ ಸಾಲಿನಲ್ಲಿ ಮರುಪರೀಕ್ಷೆ ಮಾಡಿದೆವು. ರೈಫಲ್ ಅನ್ನು ಆ ರಾತ್ರಿಯೂ ಬೇಕೆಂದೇ ಚಳಿಯಲ್ಲಿಟ್ಟಿದ್ದೆವು, ಏಕೆಂದರೆ ತೊಂದರೆ ಕಂಡ ಸ್ಥಿತಿಯಲ್ಲಿ ನೋಡದಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ. ಮೊದಲು ಒಂದು ತೋಟೆಯನ್ನು ಮ್ಯಾಗಜೀನಿನ ಮೂಲಕ ಚೇಂಬರಿಗೆ ಹೋಗಗೊಟ್ಟು, ಹೊಡೆಯದೆ ಹೊರತೆಗೆದು ಪ್ರೈಮರ್ ನೋಡಿದೆವು: ಸೂಜಿಮೊನೆಯ ಗುರುತು, ಅಷ್ಟೇ. ತೋಟೆಯನ್ನು ಕೈಯಿಂದ ನೇರವಾಗಿ ಚೇಂಬರಿಗೆ ಹಾಕಿ ಬೋಲ್ಟ್ ಬಿಡುವ ಅಭ್ಯಾಸ ಕೆಲವರಿಗಿದೆ; ಮ್ಯಾಗಜೀನಿನಿಂದ ತೋಟೆ ಎಳೆಯುವ ಕೆಲಸವಿಲ್ಲದೆ ಬೋಲ್ಟ್ ಆಗ ಇನ್ನೂ ವೇಗವಾಗಿ ಬಂದು ಗುದ್ದುವುದರಿಂದ ಇಂಥ ರೈಫಲ್‌ನಲ್ಲಿ ಅದನ್ನು ಮಾಡಲೇಬಾರದು. ನಂತರ ಒಂದೊಂದೇ ತೋಟೆ ತುಂಬಿ ಐದು ಈಡು. ಆಮೇಲೆ ಎರಡೆರಡು ತುಂಬಿ ಹತ್ತು ಸಲ. ಎರಡಕ್ಕಿಂತ ಹೆಚ್ಚು ತುಂಬದಿದ್ದರೆ, ದೋಷ ಮರುಕಳಿಸಿದರೂ ಬೇಡದ ಈಡು ಒಂದೇ ಆಗಿರುತ್ತದೆ. ಎಲ್ಲವೂ ಒಂದು ಒತ್ತಿಗೆ ಒಂದೇ. ಅಷ್ಟಾದ ಮೇಲೆ ಐದರಂತೆ, ಕೊನೆಗೆ ಹತ್ತರಂತೆ. ಉಕ್ಕಿನ ತೋಟೆ ಮೂವತ್ತು, ಹಿತ್ತಾಳೆಯದು ಮೂವತ್ತು, ಒಟ್ಟು 60 ಈಡುಗಳಲ್ಲಿ ಒಂದೂ ತಪ್ಪಲಿಲ್ಲ, ಮತ್ತು ಅರವತ್ತು ಖಾಲಿ ತೋಟೆಗಳ ಮೇಲಿನ ತಗ್ಗುಗಳೂ ಒಂದೇ ಅಚ್ಚಿನಲ್ಲಿ ಒತ್ತಿದಂತಿದ್ದವು. ಮನೆಗೆ ಹೋಗುವ ಮುನ್ನ ಬೋಲ್ಟ್ ತೆಗೆದು ಅಲ್ಲಾಡಿಸಿದೆವು. ಬಿಸಿ ಬೋಲ್ಟಿನಲ್ಲೂ ಸದ್ದು ಹಾಗೆಯೇ ಇತ್ತು.

60 ಈಡು ಸರಿಯಾಗಿ ಹೋದದ್ದರಿಂದ 61ನೆಯದಕ್ಕೆ ಜಾಮೀನು ಸಿಗುವುದಿಲ್ಲ. ಹಾಗಾಗಿ ಸ್ಪ್ರಿಂಗ್ ಇರುವ ಹಳೆಯ ಮಾದರಿಯ ಪಿನ್ ಹಾಕಿಸಿಕೊಳ್ಳುವಂತೆ ನಾನು ಸಲಹೆ ಮಾಡಿದೆ. ಅಂಥವು ಮಾರುಕಟ್ಟೆಯಲ್ಲಿ ಸಿಗುತ್ತವೆ, ದುರಸ್ತಿಗಾರರು ಅರ್ಧ ಗಂಟೆಯಲ್ಲಿ ಕೂರಿಸಿಕೊಡುತ್ತಾರೆ. ರೈಫಲ್‌ನ ಮೂಲ ಭಾಗಗಳನ್ನು ಬದಲಿಸಲು ಹುಡುಗನಿಗೆ ಮನಸ್ಸಿಲ್ಲ, ಎಪ್ಪತ್ತು ವರ್ಷದ ವಸ್ತು ಹೇಗೆ ಬಂತೋ ಹಾಗೇ ಇರಲಿ ಎನ್ನುತ್ತಾನೆ. ನಾನು ಒಪ್ಪಿಲ್ಲ, ಅವನೂ ಒಪ್ಪಿಲ್ಲ. ಅಲ್ಲಿಯವರೆಗೆ ನಮ್ಮಿಬ್ಬರ ನಡುವಿನ ಕರಾರು ಇಷ್ಟು: ರೇಂಜ್‌ಗೆ ಬಂದ ಕೂಡಲೇ, ತೋಟೆಯ ಪೆಟ್ಟಿಗೆ ತೆರೆಯುವ ಮೊದಲು, ಅವನು ಬೋಲ್ಟನ್ನು ಹೊರತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಕಳೆದ ನಾಲ್ಕು ಭೇಟಿಗಳಲ್ಲಿ ಅವನು ಅದನ್ನು ತಪ್ಪಿಸಿಲ್ಲ. ಅಗಲವಾದ ತಗ್ಗು ಬಿದ್ದ ಆ ತೋಟೆಯನ್ನು ರೇಂಜ್‌ನವರು ಕೆಟ್ಟ ತೋಟೆಗಳ ಡಬ್ಬಿಗೆ ಹಾಕಿ ವಿಲೇವಾರಿ ಮಾಡಿದರು. ಗೀರು ಬಿದ್ದ ಖಾಲಿ ತೋಟೆ ಮಾತ್ರ ದಾಖಲೆ ಪುಸ್ತಕದ ಆ ಪುಟಕ್ಕೆ ಅಂಟಿಸಿದ ಲಕೋಟೆಯಲ್ಲಿದೆ.